ಅಕ್ರೋಟು ಮರಕ್ಕೆ ಅರಗಿನ ಹೊಳಪು

ಕಿಟಕಿ ಮುಚ್ಚಿ. ಟಾರ್ಚನ್ನು ಮುಚ್ಚಳದ ಮಟ್ಟಕ್ಕೇ ಇಳಿಸಿ ಅಡ್ಡಲಾಗಿ ಬೆಳಕು ಬಿಡಿ. ಮೇಲಿನಿಂದ ನೋಡಿದಾಗ ಬರೀ ಕಂದು ಹಲಗೆಯಾಗಿದ್ದದ್ದು ಈಗ ತಾನು ಬಾಳಿದ ಮನೆಯ ಕಥೆ ಹೇಳತೊಡಗುತ್ತದೆ. ಎಡಮೂಲೆಯಲ್ಲಿ ಹೂದಾನಿ ಕೂತಿದ್ದ ಕಪ್ಪು ಉಂಗುರ. ನಡುವೆ ಬಿಸಿ ಕಾಫಿ ಲೋಟ ಇಟ್ಟಿದ್ದ ಬಿಳಿ ವೃತ್ತಗಳು. ಬಲ ಅಂಚಿನಲ್ಲಿ ಮೇಲುಪದರ ಬಿಟ್ಟುಕೊಂಡು ಎದ್ದಿದೆ, ಅದರ ನೆರಳು ಹಲಗೆಯ ಮೇಲೆ ಉದ್ದಕ್ಕೆ ಬಿದ್ದಿದೆ. ಕಿಟಕಿಯ ಕಡೆಗಿದ್ದ ಅರ್ಧ ಭಾಗ ಬಿಸಿಲಿಗೆ ಬಿಳಿಚಿದೆ, ಕ್ರೋಶಾ ಹೊದಿಕೆ ಹಾಸಿದ್ದ ಚೌಕ ಮಾತ್ರ ಹಳೆಯ ಗಾಢ ಬಣ್ಣದಲ್ಲೇ ಉಳಿದಿದೆ.

ಮೈಸೂರಿನ ಹಳೆಯ ಬಡಾವಣೆಯೊಂದರ ಹಿತ್ತಲಿನ ಶೆಡ್ಡು ಇದು. ಫೆಬ್ರವರಿಯ ಒಣ ಬೆಳಗು. ಗಾಳಿಯಲ್ಲಿ ಸ್ಪಿರಿಟ್ಟಿನ ವಾಸನೆ, ನೆಲದಲ್ಲಿ ಮರದ ಹೊಟ್ಟು. ನಿಮ್ಮೆದುರಿಗೆ ಇರುವುದು 1950ರ ದಶಕದ ಕೊನೆಯ ಒಂದು ಬ್ರಿಟಿಷ್ ರೇಡಿಯೋಗ್ರಾಮ್. ರೇಡಿಯೋ, ರೆಕಾರ್ಡ್ ಪ್ಲೇಯರ್, ಸ್ಪೀಕರ್ ಮೂರನ್ನೂ ಒಂದೇ ಬೀರುವಿನಲ್ಲಿ ಅಡಗಿಸಿ, ನಡುಮನೆಯಲ್ಲಿ ಸೋಫಾದ ಪಕ್ಕ ಸಲ್ಲುವಂತೆ ಕಟ್ಟಿದ ಯಂತ್ರ. ಮುಚ್ಚಳ ಎತ್ತಿದರೆ ಇಂಗ್ಲೆಂಡಿನ ಸ್ವಿಂಡನ್ ಊರಿನಲ್ಲಿ ತಯಾರಾದ ಗ್ಯಾರಾರ್ಡ್ ಚೇಂಜರ್: ರೆಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ಒಂದು ಮುಗಿದ ಮೇಲೆ ಇನ್ನೊಂದನ್ನು ತಾನೇ ಕೆಳಗೆ ಬೀಳಿಸುತ್ತದೆ. ಮುಂದುಗಡೆ ಉದ್ದನೆಯ ಗಾಜಿನ ಡಯಲ್, ಅದರ ಕೆಳಗೆ ಜರಿ ಎಳೆ ಬೆರೆತ ಸ್ಪೀಕರ್ ಬಟ್ಟೆ. ಹೊರಮೈ ಪೂರ್ತಿ ಅಕ್ರೋಟು, ಅಂದರೆ ವಾಲ್‌ನಟ್ ಮರದ ತೆಳುಪದರ, ವೆನೀರ್.

ಈ ಊರಿಗೆ ಬಾನುಲಿಯ ನಂಟು ಹಳೆಯದು. ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದು ಇಲ್ಲಿ. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆಲ್ಲ ಹೋದದ್ದೂ ಇಲ್ಲಿಂದಲೇ. ಇಂಥ ಊರಿನಲ್ಲಿ ರೇಡಿಯೋ ಪೆಟ್ಟಿಗೆಯೊಂದನ್ನು ಗುಜರಿಗೆ ಹಾಕದೆ ಮೇಸ್ತ್ರಿಯ ಶೆಡ್ಡಿಗೆ ತಂದವರಿದ್ದಾರೆ ಎಂಬುದೇ ಸಮಾಧಾನ.

ಯಜಮಾನಿತಿ ಪಕ್ಕದಲ್ಲೇ ನಿಂತಿದ್ದಾರೆ. "ಹೊಸದರ ಹಾಗೆ ಮಾಡಿಕೊಡಿ ಮೇಸ್ತ್ರಿ" ಎನ್ನುತ್ತಾರೆ. ವಯಸ್ಸಾದ ಪಾಲಿಶ್ ಮೇಸ್ತ್ರಿ ಮುಚ್ಚಳದ ಮೇಲೆ ಅಂಗೈ ಆಡಿಸುತ್ತಾ ಉತ್ತರಿಸುತ್ತಾರೆ: "ಹೊಸದು ಬೇಡಮ್ಮಾ. ಚೆನ್ನಾಗಿ ಬಾಳಿದ ಹಳೇದು ಮಾಡಿಕೊಡ್ತೀನಿ." ಮುಂದಿನ ಕೆಲಸವೆಲ್ಲ ಈ ಒಂದು ಮಾತಿಗೆ ಬದ್ಧವಾಗಿ ನಡೆಯಲಿದೆ.

ಮೊದಲು ಬೆನ್ನಿನ ಹಲಗೆ. ತೂತು ತೂತಿನ ಹಾರ್ಡ್‌ಬೋರ್ಡ್ ಅದು. ತಿರುಪು ಬಿಚ್ಚಿ ಕಳಚುತ್ತೀರಿ. ಒಳಗಿನಿಂದ ಬಿಸಿಯಾಗಿ ತಣ್ಣಗಾದ ಮೇಣದ, ಧೂಳಿನ, ಹಳೆಯ ರಬ್ಬರಿನ ವಾಸನೆ. ಕೈ ಒಳಗೆ ಹಾಕಬೇಡಿ. ವಾಲ್ವ್ ಸೆಟ್ಟಿನೊಳಗಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಲ್ಲವು. ರೇಡಿಯೋ ರಿಪೇರಿಯವರು ಬಂದು, ಅವನ್ನು ಬರಿದು ಮಾಡಿ, ತಳದ ಬೋಲ್ಟುಗಳನ್ನು ಸಡಿಲಿಸಿ ಚಾಸಿಯನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಡುತ್ತಾರೆ. ಚೇಂಜರ್ ಅದರ ಸ್ಪ್ರಿಂಗುಗಳ ಸಮೇತ ಮೇಲಕ್ಕೆ ಬರುತ್ತದೆ. ಕೊನೆಗೆ ಸ್ಪೀಕರ್. ಅದನ್ನು ಶೆಡ್ಡಿನಲ್ಲೇ ಇಡುವ ಹಾಗಿಲ್ಲ, ಬೇರೆ ಕೋಣೆಗೇ ಹೋಗಬೇಕು. ಇನ್ನು ಸ್ವಲ್ಪ ಹೊತ್ತಿಗೆ ಇಲ್ಲಿ ಸ್ಟೀಲ್ ವುಲ್ ಉಜ್ಜಾಟ ಶುರುವಾಗುತ್ತದೆ. ಅದರ ಕಣ್ಣಿಗೆ ಕಾಣದ ಉಕ್ಕಿನ ಎಳೆಗಳನ್ನು ಸ್ಪೀಕರಿನ ಅಯಸ್ಕಾಂತ ಎಳೆದುಕೊಂಡರೆ ಸುರುಳಿ ಕೂತ ಸಂದಿನಿಂದ ಅವನ್ನು ತೆಗೆಯುವುದು ತೀರಾ ಕಷ್ಟ.

ಡಯಲ್ ಗಾಜನ್ನು ಬಿಚ್ಚುವಾಗ ಮೇಸ್ತ್ರಿ ನಿಮ್ಮ ಕೈ ತಡೆಯುತ್ತಾರೆ. "ಹಿಂದ್ಗಡೆ ಮುಟ್ಟಬೇಡಿ." ಊರುಗಳ ಹೆಸರು, ಅಲೆಗಳ ಅಂಕಿ ಎಲ್ಲವೂ ಗಾಜಿನ ಬೆನ್ನಿಗೆ ಅಚ್ಚಾಗಿವೆ. ಎಷ್ಟೋ ಸೆಟ್ಟುಗಳಲ್ಲಿ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು, ಒಂದು ಖಂಡದ ಹೆಸರುಗಳೇ ಬಟ್ಟೆಗೆ ಬಂದುಬಿಡುತ್ತವೆ. ಮುಂಬದಿಗೆ ಮಾತ್ರ ಬಾಯಿಯ ಆವಿ, ಒಣ ಹತ್ತಿ. ಹಿಂಬದಿಯ ಧೂಳನ್ನು ಮೃದುವಾದ ಬ್ರಷ್ಷಿನಲ್ಲಿ ಹಾರಿಸಿ, ಹಳೆ ಪತ್ರಿಕೆಯ ನಡುವೆ ಸುತ್ತಿ, ಮೇಲಿನ ಕಪಾಟಿಗೆ ಏರಿಸುತ್ತೀರಿ.

ಈಗ ಉಳಿದದ್ದು ಬರಿಯ ಮರ. ಟರ್ಪೆಂಟೈನ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುತ್ತಾ ಹೋಗಿ. ಮೊದಲ ಬಟ್ಟೆ ಕಪ್ಪಾಗುತ್ತದೆ, ಮುಂದಿನದು ಕಂದು, ಅದರ ಮುಂದಿನದು ಹಳದಿ. ಅಗರಬತ್ತಿಯ ಹೊಗೆ, ಅಡುಗೆಮನೆಯ ಜಿಡ್ಡು, ಸಿಗರೇಟು, ಹಬ್ಬಕ್ಕೊಮ್ಮೆ ಹಚ್ಚಿದ ಪಾಲಿಶ್ ಮೇಣ ಎಲ್ಲವೂ ಒಂದರ ಮೇಲೊಂದು ಕೂತಿದ್ದವು. ಕೊಳೆ ಹೋದಲ್ಲಿ ಮರದ ಎಳೆ ಏಳುತ್ತದೆ. ಮುಂಭಾಗದಲ್ಲಿ ಒಂದೇ ದಿಮ್ಮಿಯಿಂದ ಒಂದರ ಹಿಂದೊಂದು ಸೀಳಿದ ಎರಡು ಪದರಗಳನ್ನು ಪುಸ್ತಕದ ಪುಟ ಬಿಡಿಸಿದ ರೀತಿಯಲ್ಲಿ ಎದುರುಬದುರು ಕೂರಿಸಿದ್ದಾರೆ. ಎಡಗಡೆಯ ಸುಳಿ ಬಲಗಡೆ ಕನ್ನಡಿಯ ಬಿಂಬವಾಗಿ ಮರುಕಳಿಸುತ್ತದೆ.

ಮುಂದಿನದು ಈ ಕೆಲಸದ ಅತಿ ಮುಖ್ಯ ಪರೀಕ್ಷೆ. ಕಣ್ಣಿಗೆ ಬೀಳದ ಮರೆ ಅಂಚುಗಳಲ್ಲಿ ಮೇಸ್ತ್ರಿ ಹತ್ತಿಯ ತುದಿಯಿಂದ ಒಂದು ಹನಿ ಸ್ಪಿರಿಟ್ ಇಡುತ್ತಾರೆ. ಮುಂಭಾಗದ ಚೌಕಟ್ಟಿನ ಮೇಲೆ ಏನೂ ಆಗುವುದಿಲ್ಲ. ಥಿನ್ನರ್ ಇಟ್ಟಾಗ ಮಾತ್ರ ಮೇಲ್ಮೈ ಮೆತ್ತಗಾಗಿ ಅಂಟುತ್ತದೆ. ಎಂದರೆ ಅದು ಕಾರ್ಖಾನೆಯಲ್ಲಿ ಸಿಂಪಡಿಸಿದ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಮುಚ್ಚಳದ ಮೇಲೆ ಅದೇ ಸ್ಪಿರಿಟ್ ಹನಿ ಇಟ್ಟರೆ ಕ್ಷಣದಲ್ಲಿ ಕಂದು ಬಣ್ಣ ಹತ್ತಿಗೆ ಏರುತ್ತದೆ. "ಇದು ಅರಗು" ಎನ್ನುತ್ತಾರೆ ಮೇಸ್ತ್ರಿ. ಮುಚ್ಚಳದ ಹಿತ್ತಾಳೆ ಕೀಲನ್ನು ಬಿಚ್ಚಿ ನೋಡಿದರೆ ಅದರಡಿ ಮಾತ್ರ ಮುಂಭಾಗದ ಅದೇ ಲ್ಯಾಕರ್ ಉಳಿದುಕೊಂಡಿದೆ. ಅಂದರೆ ಈ ಮುಚ್ಚಳಕ್ಕೆ ಹಿಂದೊಮ್ಮೆ ಏನೋ ಪೆಟ್ಟಾಗಿದೆ, ಯಾರೋ ಕಸುಬುದಾರ ಹಳೆಯದನ್ನು ತೆಗೆದು ಕೈಯಿಂದ ಅರಗಿನ ಪಾಲಿಶ್ ಹಾಕಿದ್ದಾರೆ. ಆ ಕೈಯ ಹೆಸರು ಯಾರಿಗೂ ತಿಳಿಯದು. ಆದರೆ ಆ ಕೈ ಮಾಡಿದ ಆಯ್ಕೆಯಿಂದ ಇವತ್ತಿನ ಕೆಲಸ ಸುಲಭವಾಗಿದೆ.

ಹೀಗಾಗಿ ತೀರ್ಮಾನ ಎರಡು. ಮುಂಭಾಗದ ಮೂಲ ಲ್ಯಾಕರ್ ಗಟ್ಟಿಯಾಗಿದೆ, ಅದನ್ನು ತೊಳೆದು ಮೇಣ ಹಚ್ಚಿ ಬಿಟ್ಟುಬಿಡುವುದು. ಕೆಲಸವೆಲ್ಲ ಮುಚ್ಚಳದ್ದು.

ಸ್ಟೀಲ್ ವುಲ್ಲಿನಲ್ಲೇ ಅತಿ ನಯವಾದುದನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಮರದ ಎಳೆಯ ದಿಕ್ಕಿಗೇ ಎಳೆಯಿರಿ. ಹಳೆಯ ಅರಗು ಕರಗಿ ಜೇನುಬಣ್ಣದ ಕೆಸರಾಗುತ್ತದೆ, ಬಟ್ಟೆಯಿಂದ ಎತ್ತಿಬಿಡಿ. ಕಾಫಿ ಲೋಟದ ಬಿಳಿ ವೃತ್ತಗಳು ಇದರ ಜೊತೆಗೇ ಹೋಗುತ್ತವೆ, ಏಕೆಂದರೆ ಅವು ಇದ್ದದ್ದು ಪಾಲಿಶ್ಶಿನಲ್ಲಿ, ಅದರೊಳಗೆ ಸೇರಿದ್ದ ತೇವದ ರೂಪದಲ್ಲಿ. ಹೂದಾನಿಯ ಕಪ್ಪು ಉಂಗುರ ಮಾತ್ರ ಕದಲುವುದಿಲ್ಲ. ಅಲ್ಲಿ ನೀರು ಪಾಲಿಶ್ ದಾಟಿ ಮರಕ್ಕೇ ಇಳಿದಿದೆ, ಮರದ ಟ್ಯಾನಿನ್ ಕಬ್ಬಿಣದ ಅಂಶದೊಂದಿಗೆ ಸೇರಿ ಕಪ್ಪಾಗಿದೆ.

ಮರಳು ಕಾಗದ ಕೈಗೆತ್ತಿಕೊಳ್ಳುವ ಆಸೆ ಇಲ್ಲೇ ಹುಟ್ಟುತ್ತದೆ. ಬೇಡ. ಈ ವೆನೀರಿನ ದಪ್ಪ ಒಂದು ಮಿಲಿಮೀಟರ್ ಕೂಡ ಇಲ್ಲ. ಕಲೆ ಹೋಗುವ ಮೊದಲು ಮರವೇ ಸವೆದು ಅಡಿಯ ಹಲಗೆ ಇಣುಕುತ್ತದೆ, ಅದಕ್ಕೆ ಮದ್ದಿಲ್ಲ. ಮೇಸ್ತ್ರಿ ಆಕ್ಸಾಲಿಕ್ ಆಮ್ಲದ ಹರಳನ್ನು ಬಿಸಿನೀರಿನಲ್ಲಿ ಕರಗಿಸುತ್ತಾರೆ. ಅದು ವಿಷ, ಒಣಗಿದ ಪುಡಿ ಮೂಗಿಗೆ ಹೋದರೂ ಕೆಡುಕು. ಕೈಗವಸು ತೊಟ್ಟು, ಮೂಗು ಬಾಯಿ ಮುಚ್ಚಿಕೊಂಡು, ಬ್ರಷ್ಷಿನಲ್ಲಿ ಬರೀ ಉಂಗುರಕ್ಕಲ್ಲ, ಇಡೀ ಮುಚ್ಚಳಕ್ಕೆ ಸಮನಾಗಿ ಹಚ್ಚುತ್ತೀರಿ. ಕಲೆಗೆ ಮಾತ್ರ ಹಚ್ಚಿದರೆ ಅಷ್ಟೇ ಜಾಗ ಬಿಳಿಚಿಕೊಂಡು ಹೊಸ ಕಲೆಯಾದೀತು. ನೋಡುತ್ತಾ ಕೂತಿರುವಂತೆಯೇ ಕಪ್ಪು ಬೂದಾಗುತ್ತದೆ, ಬೂದು ತಿಳಿಯಾಗುತ್ತದೆ. ಆಮೇಲೆ ಸೋಡಾ ಬೆರೆಸಿದ ನೀರಿನಿಂದ, ನಂತರ ಸಾದಾ ನೀರಿನಿಂದ ಹಿಂಡಿದ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಒಣಗಲು ಬಿಡುವುದು. ಉಂಗುರ ಪೂರ್ತಿ ಹೋಗಿಲ್ಲ. ಹುಡುಕಿದರೆ ಸಿಗುವಷ್ಟು ಉಳಿದಿದೆ. ಯಜಮಾನಿತಿ ಅದರ ಮೇಲೆ ಬೆರಳಿಡುತ್ತಾರೆ. "ನಮ್ಮತ್ತೆ ಇಲ್ಲೇ ಹೂದಾನಿ ಇಡ್ತಿದ್ರು. ಇಷ್ಟು ಇರ್ಲಿ ಬಿಡಿ."

ಮರುದಿನ ಬಲ ಅಂಚಿನ ಸರದಿ. ಎದ್ದ ವೆನೀರಿನ ಮೇಲೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಪೆಟ್ಟಿಗೆ ಒತ್ತಿ ನೋಡುತ್ತೀರಿ. ಮರವಜ್ರದಿಂದ, ಅಂದರೆ ದನದ ಚರ್ಮ, ಮೂಳೆ ಕುದಿಸಿ ಮಾಡುವ ಹಳೆಯ ಅಂಟಿನಿಂದ ಕೂರಿಸಿದ ಪದರವಾಗಿದ್ದರೆ ಕಾವಿಗೂ ಆವಿಗೂ ಅಂಟು ಮತ್ತೆ ಜೀವ ಪಡೆದು ಹಿಡಿಯುತ್ತಿತ್ತು. ಇದು ಹಿಡಿಯುವುದಿಲ್ಲ. ಆ ಕಾಲಕ್ಕಾಗಲೇ ಕಾರ್ಖಾನೆಗಳಿಗೆ ಕೃತಕ ರಾಳದ ಅಂಟು ಬಂದಿತ್ತು, ಅದು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಹಾಗಾಗಿ ತೆಳುವಾದ ಬ್ಲೇಡನ್ನು ಪದರದಡಿ ತೂರಿಸಿ ಹಳೆಯ ಅಂಟಿನ ಪುಡಿಯನ್ನು ಕೆರೆದು ಊದಿ ತೆಗೆಯಬೇಕು. ನೀರು ತುಂಬಿದ ಪಾತ್ರೆಯೊಳಗೆ ಇಟ್ಟ ಡಬ್ಬಿಯಲ್ಲಿ ಮರವಜ್ರ ಕಾಯುತ್ತಿದೆ. ಕುದಿಯಬಾರದು, ಕುದಿದರೆ ಬಲ ಹೋಗುತ್ತದೆ. ಸುಮಾರು 60 ಡಿಗ್ರಿ ಸಾಕು. ಬಿಸಿ ಅಂಟನ್ನು ತೂರಿಸಿ, ಮೇಲೆ ಕಾಗದ, ಕಾಗದದ ಮೇಲೆ ಬಿಸಿ ಮಾಡಿದ ಹಲಗೆ, ಅದರ ಮೇಲೆ ಕ್ಲಾಂಪ್. ಅಂಚಿನಿಂದ ಇಣುಕಿದ ಅಂಟನ್ನು ಬಿಸಿನೀರಿನ ಬಟ್ಟೆಯಿಂದ ತಕ್ಷಣ ಒರೆಸಿಬಿಡಿ.

ಮೂಲೆಯಲ್ಲಿ ಬೆರಳಗಲ ವೆನೀರ್ ಮುರಿದು ಕಾಣೆಯಾಗಿದೆ. ಮೇಸ್ತ್ರಿ ಹಳೆಯ ತುಂಡುಗಳ ಗೋಣಿಯಿಂದ ಎಂದೋ ಒಡೆದ ರೇಡಿಯೋ ಪೆಟ್ಟಿಗೆಯೊಂದರ ಅಕ್ರೋಟು ಪದರ ಹುಡುಕಿ ತೆಗೆಯುತ್ತಾರೆ. ತೇಪೆಯನ್ನು ಚೌಕವಾಗಿ ಕತ್ತರಿಸುವುದಿಲ್ಲ, ಎರಡೂ ತುದಿ ಚೂಪಾಗಿ ಎಳೆಯ ಜಾಡಿನಲ್ಲೇ ಓಡುವ ಹಾಗೆ ಕತ್ತರಿಸುತ್ತಾರೆ. ಎಳೆಗೆ ಅಡ್ಡ ಬಂದ ಗೆರೆಯನ್ನು ಕಣ್ಣು ಕೂಡಲೇ ಹಿಡಿಯುತ್ತದೆ, ಎಳೆಯ ಜೊತೆ ಸಾಗುವ ಗೆರೆಯನ್ನು ಹಿಡಿಯದು.

ಈ ಹೊತ್ತಿಗೆ ಮನೆಯ ಮಗ ಬಂದು ನಿಲ್ಲುತ್ತಾನೆ. "ಇಷ್ಟೆಲ್ಲ ಯಾಕೆ ಮೇಸ್ತ್ರಿ? ಪಿ.ಯು. ಹೊಡೆಸಿಬಿಟ್ರೆ ನೀರೂ ಹಿಡಿಯಲ್ಲ, ಬಿಸಿಗೂ ಏನೂ ಆಗಲ್ಲ, ಅಲ್ವಾ?" ಪ್ರಶ್ನೆ ನ್ಯಾಯವಾದದ್ದೇ. ಪಾಲಿಯುರೆಥೇನ್ ಗಟ್ಟಿ, ಊಟದ ಮೇಜಿಗೆ ಅದೇ ಒಳ್ಳೆಯದು. ಮೇಸ್ತ್ರಿ ಬೇಸರಿಸದೆ ಹೇಳುತ್ತಾರೆ: "ಹೊಡೀಬೋದಪ್ಪಾ. ಆದ್ರೆ ಇನ್ನು ಮೂವತ್ತು ವರ್ಷಕ್ಕೆ ಅದು ಸಿಪ್ಪೆ ಏಳತ್ತೆ. ಆವಾಗ ತೆಗೆಯೋನು ಕೆರೆದೇ ತೆಗೀಬೇಕು. ಕೆರೆದ್ರೆ ಈ ಮರ ಉಳಿಯತ್ತಾ? ಅರಗು ಆದ್ರೆ ಅವನಿಗೆ ಒಂದು ಬಾಟ್ಲಿ ಸ್ಪಿರಿಟ್ ಸಾಕು." ಪಿ.ಯು. ಮುಂದಿನ ರಿಪೇರಿಯ ದಾರಿಯನ್ನು ಮುಚ್ಚಿಬಿಡುತ್ತದೆ. ಅರಗು ತೆರೆದೇ ಇಡುತ್ತದೆ. ಹಳೆಯ ವಸ್ತುವನ್ನು ಮುಟ್ಟುವ ಯಾರೇ ಆಗಲಿ, ತನ್ನ ಕೆಲಸವನ್ನು ಮುಂದಿನವನು ನೋವಿಲ್ಲದೆ ಅಳಿಸಬಲ್ಲನೇ ಎಂದು ಮೊದಲು ಕೇಳಿಕೊಳ್ಳಬೇಕು. ನನ್ನ ಮಟ್ಟಿಗೆ ಪುನರುಜ್ಜೀವನದ ಧರ್ಮ ಅದೇ.

ಬನ್ನಿ, ಅರಗನ್ನು ನೋಡಿ. ಗಾಜಿನ ಭರಣಿಯಲ್ಲಿ ಕಿತ್ತಳೆಗಂದು ಚಕ್ಕೆಗಳು. ಪಾಲಿಶ್‌ನವರ ಬಾಯಲ್ಲಿ ಚಪ್ಡಾ. ಮುತ್ತುಗ, ಬೋರೆ, ಕುಸುಮ್ ಮರಗಳ ಎಳೆ ಕೊಂಬೆಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿ ಕೂತ ಸಣ್ಣ ಕೀಟ ರಸ ಹೀರಿ, ತನ್ನ ಸುತ್ತ ರಾಳ ಕಟ್ಟಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಇದರ ದೊಡ್ಡ ನೆಲೆ ಜಾರ್ಖಂಡ್. ಕೊಂಬೆಯಿಂದ ಕೆರೆದ ರಾಳವನ್ನು ತೊಳೆದು, ಬಟ್ಟೆಯ ಉದ್ದ ಚೀಲದಲ್ಲಿ ತುಂಬಿ, ಕೆಂಡದೆದುರು ತಿರುಚಿ ಕರಗಿಸಿ, ಬಿಸಿಯಿರುವಾಗಲೇ ಹಾಳೆಯಾಗಿ ಎಳೆದು ಚಕ್ಕೆ ಮಾಡುವುದು ಸಾಂಪ್ರದಾಯಿಕ ಕ್ರಮ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವುದೂ ಅರಗೇ. ಇದೇ ಮೈಸೂರಿನಲ್ಲಿ 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಹುಟ್ಟಿತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಬೀಳುವ ಅಳಿಸಲಾಗದ ಶಾಯಿ ತಯಾರಿಸುತ್ತಾ ಬಂದಿರುವ ಕಾರ್ಖಾನೆ ಅದೇ. ಅದರ ಮೊದಲ ಹೆಸರಿನಲ್ಲಿರುವ ಲ್ಯಾಕ್ ಎಂದರೆ ಈ ಅರಗು.

ಇನ್ನೊಂದು ನಂಟು ಈ ಪೆಟ್ಟಿಗೆಯೊಳಗೇ ಇದೆ. ಚೇಂಜರಿನ ವೇಗದ ಗುಂಡಿಯಲ್ಲಿ 33, 45ರ ಜೊತೆ 78 ಎಂಬ ಅಂಕಿ ಕಾಣುತ್ತದಲ್ಲ? ಆ 78ರ ವೇಗದ ಹಳೆಯ ತಟ್ಟೆಗಳನ್ನು ಕಲ್ಲಿನ ಪುಡಿ, ಕಪ್ಪು ಬಣ್ಣ ಸೇರಿಸಿ ಬೆಸೆಯುತ್ತಿದ್ದದ್ದು ಅರಗಿನಿಂದ. ವಿನೈಲ್‌ನ ಎಲ್‌ಪಿ ಬಂದದ್ದು 1948ರಲ್ಲಿ. ಅದಕ್ಕೂ ಮುನ್ನ ಅರ್ಧ ಶತಮಾನ ಜಗತ್ತಿನ ಹಾಡೆಲ್ಲ ನಿಂತಿದ್ದದ್ದು ನಮ್ಮ ಕಾಡಿನ ಕೀಟದ ರಾಳದ ಮೇಲೆ. ಒಳಗೆ ತಿರುಗುವ ತಟ್ಟೆಗೂ ಹೊರಗೆ ಹೊಳೆಯುವ ಮುಚ್ಚಳಕ್ಕೂ ಮೂಲ ಒಂದೇ.

ಒಂದು ಲೀಟರ್ ಸ್ಪಿರಿಟ್ಟಿಗೆ ಸುಮಾರು 200 ಗ್ರಾಂ ಚಕ್ಕೆ. ರಾತ್ರಿಯಿಡೀ ನೆನೆಯಬೇಕು, ಆಗಾಗ ಅಲ್ಲಾಡಿಸಬೇಕು. ಕಬ್ಬಿಣದ ಡಬ್ಬಿ ಕೂಡದು, ಬಣ್ಣ ಕಪ್ಪಾಗುತ್ತದೆ. ಬೆಳಿಗ್ಗೆ ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿದರೆ ಜೇನುಬಣ್ಣದ ದ್ರವ ಸಿದ್ಧ. ತಿಂಗಳುಗಟ್ಟಲೆ ಹಳೆಯದಾದ ದ್ರಾವಣವನ್ನು ಮೇಸ್ತ್ರಿ ಮುಟ್ಟುವುದಿಲ್ಲ. ಅದು ಹಚ್ಚಿದ ಮೇಲೂ ಅಂಟಂಟಾಗಿಯೇ ಉಳಿಯುತ್ತದೆ.

ಮರದ ಸಣ್ಣ ರಂಧ್ರಗಳನ್ನು ಬಣ್ಣ ಬೆರೆಸಿದ ಸೀಮೆಸುಣ್ಣದ ಪುಡಿಯಿಂದ ತುಂಬಿ ಒರೆಸಿದ್ದಾಗಿದೆ. ಈಗ ಗದ್ದಿಗೆ ಕಟ್ಟಿ: ಹಿಡಿಯಷ್ಟು ಹತ್ತಿ, ಮೇಲೆ ಒಗೆದು ಮೆತ್ತಗಾದ ಮಲ್‌ಬಟ್ಟೆ. ತಳದಲ್ಲಿ ಒಂದು ಸುಕ್ಕೂ ಇರಬಾರದು. ಬಟ್ಟೆ ಬಿಡಿಸಿ ಹತ್ತಿಗೆ ಅರಗು ಹೊಯ್ದು ಮತ್ತೆ ಕಟ್ಟಿ, ಕಾಗದದ ಮೇಲೆ ಒತ್ತಿ ನೋಡಿ. ದೋಸೆ ಕಾವಲಿಗೆ ಎಣ್ಣೆ ಸವರುವ ಬಟ್ಟೆಯಷ್ಟೇ ಹಸಿ ಇರಬೇಕು, ಹನಿ ಜಿನುಗಬಾರದು.

"ಮುಚ್ಚಳದ ಹೊರಗಿಂದ ಜಾರುತ್ತಾ ಒಳಗೆ ಬನ್ನಿ, ಜಾರುತ್ತಲೇ ಹೊರಗೆ ಹೋಗಿ. ನಿಂತ್ರೆ ಕೆಟ್ಟಿರಿ." ಗದ್ದಿಗೆ ಒಂದು ಕ್ಷಣ ನಿಂತರೂ ಒದ್ದೆ ಅರಗು ಕೆಳಗಿನ ಒಣ ಅರಗನ್ನು ಕರಗಿಸಿ ಬಟ್ಟೆಯ ಗುರುತನ್ನು ಅಚ್ಚೊತ್ತುತ್ತದೆ. ಮೊದಲು ಉದ್ದುದ್ದ ಎಳೆತ. ಮೇಲ್ಮೈ ಮುಚ್ಚಿದ ಮೇಲೆ ಸಣ್ಣ ಸಣ್ಣ ವೃತ್ತ, ಆಮೇಲೆ ಇಂಗ್ಲಿಷ್ ಎಂಟರ ಆಕಾರ. ಸ್ಪಿರಿಟ್ ಆರುವ ವೇಗಕ್ಕೆ ಕೈಯ ವೇಗ ಹೊಂದಬೇಕು. ಗದ್ದಿಗೆ ಹಿಡಿದಂತೆ ಅನಿಸಿದರೆ ಬೆರಳ ತುದಿಯಿಂದ ಒಂದು ತೊಟ್ಟು ಅಗಸೆ ಎಣ್ಣೆ ಮುಟ್ಟಿಸಿ. ಸರಿಯಾಗಿ ಸಾಗುತ್ತಿದ್ದರೆ ಗದ್ದಿಗೆಯ ಹಿಂದೆ ತೆಳುವಾದ ಮಂಜಿನ ಬಾಲವೊಂದು ಮೂಡಿ ಕೂಡಲೇ ಮಾಯವಾಗುತ್ತದೆ. ಅದೇ ನಿಮಗೆ ಮಾರ್ಗದರ್ಶಿ.

ಭುಜ ನೋಯತೊಡಗುತ್ತದೆ. ಮೇಸ್ತ್ರಿ ಗದ್ದಿಗೆ ಇಸಿದುಕೊಳ್ಳುತ್ತಾರೆ. ಅವರ ತೋಳು ಸೊಂಟದಿಂದ ತಿರುಗುತ್ತದೆ, ಮಣಿಕಟ್ಟು ಅಲ್ಲಾಡುವುದೇ ಇಲ್ಲ. ಒಂದು ಸುತ್ತು ಮುಗಿದರೆ ಒಣಗಲು ಬಿಡಬೇಕು, ಗದ್ದಿಗೆ ಬಿಗಿ ಮುಚ್ಚಳದ ಸೀಸೆಗೆ ಹೋಗಬೇಕು. ಮರುದಿನ ನೋಡಿದರೆ ಹೊಳಪು ಸ್ವಲ್ಪ ಇಳಿದಿರುತ್ತದೆ, ಅರಗು ಮರದ ಒಳಗೆ ಕೂರುತ್ತಿದೆ. ಮತ್ತೆ ಹಗುರಾಗಿ ಉಜ್ಜಿ ಮತ್ತೊಂದು ಸುತ್ತು. ಮುಂಗಾರಿನಲ್ಲಿ ಈ ಕೆಲಸ ಮೇಸ್ತ್ರಿ ಒಪ್ಪುವುದೇ ಇಲ್ಲ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಂಡರೆ ಪಾಲಿಶ್ಶಿನೊಳಗೇ ಬಿಳಿ ಮಂಕು ಕಟ್ಟುತ್ತದೆ. ಫೆಬ್ರವರಿಯ ಬೆಳಗನ್ನು ಆರಿಸಿಕೊಂಡದ್ದು ಅದಕ್ಕೇ. ಬಿಳಿಚಿದ ಅರ್ಧಕ್ಕೆ ಅರಗಿನಲ್ಲೇ ಚೂರು ಕಂದು ಬಣ್ಣ ಬೆರೆಸಿ ತೆಳು ತೆಳುವಾಗಿ ಹಾಯಿಸುತ್ತಾ ಎರಡು ಅರ್ಧಗಳನ್ನೂ ಹತ್ತಿರ ತರುತ್ತೀರಿ. ಕೊನೆಯ ಸುತ್ತಿಗೆ ಅರಗಿಲ್ಲ. ಬಹುತೇಕ ಒಣಗಿದ ಹೊಸ ಗದ್ದಿಗೆಗೆ ಬರೀ ಸ್ಪಿರಿಟ್ಟಿನ ಸೋಂಕು. ಅದು ಎಣ್ಣೆಯ ಮಂಕನ್ನು ಎತ್ತಿಕೊಂಡು ಹೋಗುತ್ತಿದ್ದಂತೆ ಮರದ ಸುಳಿಗಳಿಗೆ ಆಳ ಬರುತ್ತದೆ. ತಲೆ ಆ ಕಡೆ ಈ ಕಡೆ ಓಲಿಸಿದರೆ ಎಳೆಗಳು ಬೆಳಕನ್ನು ಒಂದರಿಂದೊಂದಕ್ಕೆ ದಾಟಿಸುತ್ತವೆ.

ಸ್ಪೀಕರ್ ಬಟ್ಟೆಯನ್ನು ಬ್ರಷ್ಷಿನಲ್ಲಿ ಕೊಡವಿದರೆ ಸಾಕಾಗಿದೆ, ಅದು ಹರಿದಿಲ್ಲ. ಹರಿದಿದ್ದರೆ ಹೊಸ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಬೇಕಿತ್ತು. ಉಸಿರು ಸಲೀಸಾಗಿ ದಾಟುವ ಬಟ್ಟೆಯಲ್ಲಿ ಮಾತ್ರ ಹಾಡು ದಾಟುತ್ತದೆ. ಹಿತ್ತಾಳೆ ಪಟ್ಟಿಗೂ ಬೇಕಲೈಟ್ ಗುಂಡಿಗಳಿಗೂ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಚಾಸಿಯನ್ನು ಹೊಸ ರಬ್ಬರ್ ಬಿಲ್ಲೆಗಳ ಮೇಲೆ ಕೂರಿಸಿ, ಸ್ಪೀಕರನ್ನು ಹಲಗೆಗೆ ಬಿಗಿದು, ತೂತಿನ ಬೆನ್ನುಹಲಗೆಯನ್ನು ಇದ್ದಂತೆಯೇ ಹಾಕುತ್ತೀರಿ. ಆ ತೂತುಗಳು ವಾಲ್ವುಗಳ ಬಿಸಿ ಹೊರಹೋಗುವ ದಾರಿ, ಅಂದಕ್ಕಾಗಿ ಅವನ್ನು ಮುಚ್ಚುವಂತಿಲ್ಲ. ಗೋಡೆಗೆ ಒತ್ತಿ ಇಡುವಂತೆಯೂ ಇಲ್ಲ. ಪೆಟ್ಟಿಗೆ ಬರಿಯ ಹೊದಿಕೆಯಲ್ಲ. ಸ್ಪೀಕರಿನ ಮುಂದಿನ ಗಾಳಿಯೂ ಹಿಂದಿನ ಗಾಳಿಯೂ ಒಂದನ್ನೊಂದು ಅಳಿಸಿಹಾಕದಂತೆ ತಡೆದು ತಗ್ಗು ಸ್ವರಕ್ಕೆ ಮೈ ಕೊಡುವುದು ಈ ಮರವೇ. ಎಲ್ಲೋ ಒಂದು ಕೀಲು ಸಡಿಲವಿದ್ದರೆ ಮೃದಂಗದ ಎಡಗೈ ಪೆಟ್ಟಿಗೆ ಅದು ಗಿರಗುಟ್ಟಿ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ರಿಪೇರಿಯವರು ಸೆಟ್ಟು ಹಚ್ಚಿದಾಗ ನೀವು ಮುಚ್ಚಳದ ಮೇಲೆ ಅಂಗೈ ಇಟ್ಟು ಅದನ್ನೇ ಹುಡುಕುತ್ತೀರಿ. ಗಿರಗುಟ್ಟುವುದಿಲ್ಲ. ಸ್ವರ ಅಂಗೈಗೆ ಸರಿಯಾಗಿ ತಾಗುತ್ತದೆ.

ಮನೆಯವರಿಗೆ ಮೇಸ್ತ್ರಿಯ ಸೂಚನೆ ಚಿಕ್ಕದು: ನೇರ ಬಿಸಿಲು ಬೇಡ, ಬಿಸಿ ಲೋಟ ಬೇಡ, ಹೂದಾನಿಗೆ ಬೇರೆ ಜಾಗ ಹುಡುಕಿ, ವರ್ಷಕ್ಕೊಮ್ಮೆ ಜೇನುಮೇಣ ಹಚ್ಚಿ. ಆಮೇಲೆ ಅವರು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಬೆನ್ನುಹಲಗೆಯ ಒಳಮೈ ಮೇಲೆ ನಿಮ್ಮಿಂದಲೇ ಬರೆಸುತ್ತಾರೆ: "ಮುಚ್ಚಳ – ಅರಗು, ಸ್ಪಿರಿಟ್ಟಿಗೆ ಕರಗುತ್ತದೆ. ಬಲ ಅಂಚು, ತೇಪೆ – ಮರವಜ್ರ, ಬಿಸಿನೀರಿಗೆ ಬಿಡುತ್ತದೆ. ಮುಂಭಾಗ – ಮೂಲ ಲ್ಯಾಕರ್, ತೆಗೆದಿಲ್ಲ." ಕೆಳಗೆ ತಿಂಗಳು, ವರ್ಷ. ಹಿಂದಿನ ಕಸುಬುದಾರ ಇಂಥದೊಂದು ಸಾಲು ಬರೆದಿಟ್ಟಿದ್ದರೆ ಪರೀಕ್ಷೆಯ ಆ ಹನಿಗಳೂ ಬೇಕಾಗುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಒಂದು ಹಳೆಯ ಪೆಟ್ಟಿಗೆ ಇದ್ದರೆ, ಅದನ್ನು ಯಾರ ಕೈಗೆ ಕೊಟ್ಟರೂ ಹೊಳಪು ಎಷ್ಟು ಬರುತ್ತದೆ ಎಂದು ಕೇಳುವ ಮೊದಲು ಏನು ಹಚ್ಚುತ್ತೀರಿ, ಅದನ್ನು ಮುಂದೆ ತೆಗೆಯುವುದು ಹೇಗೆ ಎಂದು ಕೇಳಿ. ಉತ್ತರ ಸಿಕ್ಕ ಮೇಲೆ ಕೆಲಸ ಒಪ್ಪಿಸಿ, ಆ ಉತ್ತರವನ್ನು ಹಲಗೆಯ ಒಳಗೆ ಬರೆಸಿ.